ಕೊನೆಯ ಆರು ಬೋಲ್ಟು

ನಮ್ಮ ಮೇಸ್ತ್ರಿಯಷ್ಟು ಪುಕ್ಕಲ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲ್ಲಿಗೆ ಹೆದರುತ್ತಿದ್ದರು, ಲಿಫ್ಟಿಗೆ ಹೆದರುತ್ತಿದ್ದರು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದು ತಾನಾಗಿ ಸುಮ್ಮನಾಗುವವರೆಗೆ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಬಾಗಲೂರಿನಿಂದ ಯಶವಂತಪುರದ ನಮ್ಮ ಲಾರಿ ಗ್ಯಾರೇಜಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮನುಷ್ಯ, ಹೆಬ್ಬಾಳದ ಮೇಲ್ಸೇತುವೆ ಬಂದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. "ಅಷ್ಟೆತ್ತರದಾಗೆ ಬಸ್ಸು ಓಗ್ಬೇಕು ಅಂತ ಯಾರಮ್ಮಾ ಯೋಳಿದ್ದು?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು, ಸೇತುವೆ ಕಟ್ಟಿಸಿದವಳು ನಾನೇ ಎಂಬಂತೆ.

ಹೋದ ತಿಂಗಳು ಎದೆನೋವು ಬಂದು ತೀರಿಕೊಂಡರು. ಸುದ್ದಿ ಬಂದ ದಿನ ಗ್ಯಾರೇಜಿನಲ್ಲಿ ಮಧ್ಯಾಹ್ನದವರೆಗೆ ಯಾರೂ ಪಾನಾ, ರೆಂಚು ಮುಟ್ಟಲಿಲ್ಲ. ಟೀ ತರಿಸಿಕೊಂಡು ಕೂತು ಅವರ ಹೆದರಿಕೆಯ ಕಥೆಗಳನ್ನು ಒಬ್ಬೊಬ್ಬರಾಗಿ ಹೇಳಿದರು, ನಕ್ಕರು. ಪ್ರೀತಿಯಿಂದಲೇ ನಕ್ಕರು. ನಾನೂ ನಕ್ಕೆ. ಕೊನೆಗೆ ಒಬ್ಬರು, "ಅಷ್ಟ್ ಹೆದ್ರೋ ಮೇಸ್ತ್ರಿನೂ ಆರ್ ಬೋಲ್ಟ್ ಮರ್ತ್ಬಿಟ್ರಲ್ಲ ಗುರು, ವಯಸ್ಸು ಯಾರನ್ ಬಿಡುತ್ತೆ" ಅಂದರು. ನಾನು ಗ್ಲಾಸು ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಮೇಸ್ತ್ರಿ ಏನನ್ನೂ ಮರೆತಿರಲಿಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗ್ಯಾರೇಜಿನವರೂ ಓದಲಿ.

ನಾನು ಅಲ್ಲಿ ಸೇರಿದಾಗ ನನಗೆ ಮೂವತ್ತೊಂದು ವರ್ಷ. ಆಟೋಮೊಬೈಲ್ ಡಿಪ್ಲೊಮಾ ಮಾಡಿಕೊಂಡು, ಸ್ಕೂಟರ್ ಶೋರೂಮೊಂದರಲ್ಲಿ ಎಂಟು ವರ್ಷ ಗಿರಾಕಿಗಳ ದೂರು ಬರೆದುಕೊಂಡು ಬೇಸತ್ತಿದ್ದೆ. ಲಾರಿ ಇಂಜಿನ್ ಕೆಲಸಕ್ಕೆ ಹೆಂಗಸು ಎಂದರೆ ಓನರ್ ತಲೆ ಕೆರೆದುಕೊಂಡರು. ತೀರ್ಮಾನ ಮೇಸ್ತ್ರಿಗೆ ಬಿಟ್ಟರು. ಜೇಬಿಲ್ಲದ ಅಂಗಿ ತೊಟ್ಟ, ನರಪೇತಲ, ಐವತ್ತೆಂಟರ ಮನುಷ್ಯ ನನ್ನೆದುರು ಬಂದು ನಿಂತು ಒಂದೇ ಪ್ರಶ್ನೆ ಕೇಳಿದರು.

"ಇಂಜಿನ್ ಬಿಚ್ವಾಗ ಕೈ ನಡುಗ್ತದಾ ಅಮ್ಮಣ್ಣಿ?"

ಇಲ್ಲ ಎನ್ನಬೇಕಿತ್ತೇನೋ. ಆದರೆ ನಿಜ ಬಾಯಿಗೆ ಬಂತು. "ನಡುಗುತ್ತೆ" ಅಂದೆ.

"ಅಂಗಾದ್ರೆ ಬರ್ಲಿ" ಎಂದು ಓನರ್‌ಗೆ ಹೇಳಿ ಒಳಗೆ ಹೋದರು.

ಜೇಬಿಲ್ಲದ ಅಂಗಿಯ ವಿಷಯ ಹೇಳಬೇಕು. ಅವರು ಅಂಗಿಗಳನ್ನೆಲ್ಲ ಜೇಬಿಲ್ಲದೆ ಹೊಲಿಸಿಕೊಳ್ಳುತ್ತಿದ್ದರು. ಬಗ್ಗಿದಾಗ ಜೇಬಿನಿಂದ ಏನಾದರೂ ಬಿದ್ದು ಸಿಲಿಂಡರಿನೊಳಗೆ ಸೇರಿಬಿಟ್ಟರೆ ಎಂಬ ಭಯ. ಹೆಡ್ ತೆರೆದ ಇಂಜಿನ್ನಿನ ಹತ್ತಿರ ಬರುವ ಯಾರೇ ಆದರೂ, ಓನರ್ ಆದರೂ, ಜೇಬು ಖಾಲಿ ಮಾಡಿ ಬರಬೇಕು. ನಾನು ಕಿವಿಯೋಲೆ, ಹೇರ್‌ಪಿನ್ ಬಿಚ್ಚಿಟ್ಟು ಬರಬೇಕು. ಒರೆಸುವ ಬಟ್ಟೆಗಳನ್ನು ಎಣಿಸಿ ಒಳಗೆ ತರುತ್ತಿದ್ದರು, ಎಣಿಸಿ ಹೊರಗೆ ಕಳಿಸುತ್ತಿದ್ದರು. ಒಂದು ಸಾರಿ ಹೆಡ್ ಕೂರಿಸಿ ಎಲ್ಲ ಮುಗಿದ ಮೇಲೆ ಹನ್ನೊಂದರಲ್ಲಿ ಒಂದು ಬಟ್ಟೆ ಕಡಿಮೆ ಬಂತು. ಯಾರು ಎಷ್ಟು ಹೇಳಿದರೂ ಕೇಳಲಿಲ್ಲ, ಇಡೀ ಹೆಡ್ ಮತ್ತೆ ಬಿಚ್ಚಿದರು. ಒಳಗೆ ಏನೂ ಇರಲಿಲ್ಲ. ಆ ಬಟ್ಟೆಯಲ್ಲಿ ಓನರ್ ತಮ್ಮ ಸ್ಕೂಟರಿನ ಸೀಟು ಒರೆಸಿ ಅಲ್ಲೇ ಸಿಕ್ಕಿಸಿದ್ದರು. ಒಂದು ದಿನದ ಕೆಲಸ ನೀರಿಗೆ ಹೋಯಿತು, ಎಲ್ಲರೂ ತಲೆ ಚಚ್ಚಿಕೊಂಡರು. ಮೇಸ್ತ್ರಿ ಮಾತ್ರ ಅವತ್ತು ಬಹಳ ಸಂತೋಷವಾಗಿದ್ದರು.

ಅವರ ಕೈಯಲ್ಲಿ ಆದ ಹೆಡ್ ಕೆಲಸ ಒಂದೂ ವಾಪಸ್ ಬಂದಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದೂ ಇಲ್ಲ. ಹಗ್ಗ ಕಂಡರೆ ಹಾವೆನ್ನುವ ಮನುಷ್ಯನ ಹತ್ತಿರ ಡ್ರೈವರುಗಳು ಸರದಿಯಲ್ಲಿ ಕಾಯುತ್ತಿದ್ದುದು ಅದಕ್ಕೇ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಆರು ಸಿಲಿಂಡರಿನ ಲಾರಿ ಇಂಜಿನ್ನಿನ ಮೇಲೆ ಒಂದೇ ಉದ್ದನೆಯ ಹೆಡ್ ಕೂರುತ್ತದೆ. ಮುಚ್ಚಳ ಇದ್ದ ಹಾಗೆ, ಆದರೆ ಆಳುಗಳು ಕೈಯಲ್ಲಿ ಎತ್ತುವಂಥದ್ದಲ್ಲ. ಚೈನ್ ಬ್ಲಾಕಿನಲ್ಲಿ ತೂಗುಹಾಕಿ ನಿಧಾನ ಇಳಿಸಬೇಕು. ಕೆಳಗೆ ನೀರು ಒಳಗೆ ಸೋರದಂತೆ ತೆಳ್ಳನೆಯ ಪ್ಯಾಕಿಂಗ್ ಹಾಸಿರುತ್ತೇವೆ. ಆ ಇಂಜಿನ್ನಿಗೆ ಇಪ್ಪತ್ತಾರು ಬೋಲ್ಟು. ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಹೋಗುತ್ತಾ, ಸುತ್ತು ಸುತ್ತಾಗಿ ಬಿಗಿ ಮಾಡಬೇಕು. ಕೊನೆಯ ಸುತ್ತಿನಲ್ಲಿ ಪ್ರತಿ ಬೋಲ್ಟಿಗೂ ಇನ್ನೊಂದು ಕಾಲು ತಿರುವು. ಆ ಕಾಲು ತಿರುವು ತಪ್ಪಿದರೆ ಗ್ಯಾರೇಜಿನಲ್ಲಿ ಇಂಜಿನ್ ಚೆನ್ನಾಗಿಯೇ ಓಡುತ್ತದೆ, ಏನೂ ಗೊತ್ತಾಗುವುದಿಲ್ಲ. ಲೋಡು ಹೊತ್ತು ಏರು ಹತ್ತುವಾಗ ಪ್ಯಾಕಿಂಗ್ ಸುಟ್ಟು, ನೀರು ಸಿಲಿಂಡರಿಗೆ ನುಗ್ಗಿ, ಇಂಜಿನ್ ಕಚ್ಚಿಕೊಂಡು ನಿಂತುಬಿಡುತ್ತದೆ. ಘಾಟಿಯ ತಿರುವಿನಲ್ಲಿ ಲೋಡ್ ಗಾಡಿಯ ಇಂಜಿನ್ ಸತ್ತರೆ ಏನಾಗುತ್ತದೆಂದು ಯಾವ ಡ್ರೈವರನ್ನು ಬೇಕಾದರೂ ಕೇಳಿ.

ಅದಕ್ಕೇ ಕೊನೆಯ ಸುತ್ತಿಗೆ ಮೇಸ್ತ್ರಿ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಅವರು ಕಾಲು ತಿರುವು ಕೊಟ್ಟು ಬೋಲ್ಟಿನ ನಂಬರ್ ಗಟ್ಟಿಯಾಗಿ ಹೇಳುತ್ತಿದ್ದರು. ಜೊತೆಗಿದ್ದವರು ಅದೇ ನಂಬರನ್ನು ತಿರುಗಿ ಹೇಳಿ, ಆ ಬೋಲ್ಟಿನ ತಲೆಗೆ ಬಿಳಿ ಪೇಂಟಿನ ಚುಕ್ಕೆ ಇಡಬೇಕು. ಮೊದಲ ತಿಂಗಳಿನಿಂದಲೇ ಚುಕ್ಕೆಯ ಕೆಲಸ ನನ್ನದಾಯಿತು.

ಹೆಡ್ ಆದ ಮೇಲೆ ಅದರ ಮೇಲೆ ಕ್ಯಾಮ್‌ಶಾಫ್ಟ್, ವಾಲ್ವುಗಳನ್ನು ತೆರೆದು ಮುಚ್ಚುವ ಉದ್ದನೆಯ ಶಾಫ್ಟು. ಅದನ್ನು ಕೂರಿಸುವಾಗ ಮೇಸ್ತ್ರಿಯನ್ನು ನೋಡಬೇಕಿತ್ತು. ಕೆಳಗಿನ ಸ್ಪ್ರಿಂಗುಗಳು ಅದನ್ನು ಮೇಲಕ್ಕೆ ತಳ್ಳುತ್ತಿರುತ್ತವೆ, ನಾವು ಕ್ಯಾಪ್ ಹಾಕಿ ಕೆಳಕ್ಕೆ ಎಳೆಯಬೇಕು. ಒಂದು ಕಡೆ ಜಾಸ್ತಿ ಎಳೆದರೆ ಅಷ್ಟು ದಪ್ಪನೆಯ ಉಕ್ಕಿನ ಶಾಫ್ಟು ಪಟ್ಟನೆ ಮುರಿಯುತ್ತದೆ. ಮೇಸ್ತ್ರಿ ಒಂದೊಂದು ಕ್ಯಾಪಿಗೂ ಅರ್ಧರ್ಧ ತಿರುವು ಕೊಡುತ್ತಾ, ಹಟ ಮಾಡುವ ಮಗುವಿಗೆ ತುತ್ತು ಕೊಟ್ಟ ಹಾಗೆ ಸಮಾಧಾನದಿಂದ ಇಳಿಸುತ್ತಿದ್ದರು. ಆ ಅರ್ಧ ಗಂಟೆ ಗ್ಯಾರೇಜಿನಲ್ಲಿ ಯಾರೂ ಮಾತಾಡುವಂತಿಲ್ಲ. ಶಾಫ್ಟಿನ ಗುರುತನ್ನು ಇಂಜಿನ್ನಿನ ಗುರುತಿಗೆ ಕೂಡಿಸಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು ಇಡೀ ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸುತ್ತಿದ್ದರು. ಕಣ್ಣು ಮುಚ್ಚಿ, ಎಲ್ಲಾದರೂ ತಡೆಯುತ್ತದೆಯೇ ಎಂದು ಅಂಗೈಯಲ್ಲೇ ಕೇಳಿಸಿಕೊಳ್ಳುತ್ತಿದ್ದರು.

"ಎದ್ರಿಕೆ ಅನ್ನೋದು ಕೆಲ್ಸಕ್ ಮುಂಚೆ ಬರ್ಬೇಕು ಅಮ್ಮಣ್ಣಿ" ಎನ್ನುತ್ತಿದ್ದರು. "ಆಮ್ಯಾಕೆ ಬಂದ್ರೆ ಅದು ಯಾತುಕ್ಕೂ ಬರಾಕಿಲ್ಲ."

ಈಗ ಆ ದಿನದ ಮಾತು. ನಾನು ಸೇರಿ ನಾಲ್ಕು ವರ್ಷವಾಗಿತ್ತು. ಎಷ್ಟೋ ಹೆಡ್ಡುಗಳಿಗೆ ಚುಕ್ಕೆ ಇಟ್ಟಿದ್ದೆ. ಕೆಲಸ ಬಂತು ಎಂಬ ಸೊಕ್ಕೂ ಬಂದಿತ್ತು. ಗಾಡಿ ಆರ್.ಟಿ. ನಗರದ ಒಬ್ಬ ಡ್ರೈವರರದು, ಸ್ವಂತ ಗಾಡಿ. ನಾವೆಲ್ಲ ಭಾಯ್ ಎಂದೇ ಕರೆಯುತ್ತಿದ್ದೆವು. ಮಾರನೆಯ ಬೆಳಿಗ್ಗೆ ಲೋಡು ಹಾಕಿಕೊಂಡು ಘಾಟಿ ಇಳಿದು ಮಂಗಳೂರಿಗೆ ಹೋಗುವವರಿದ್ದರು.

ಕೊನೆಯ ಸುತ್ತು ನಡೆಯುತ್ತಿತ್ತು. ಡಬ್ಬಿಯ ಮುಚ್ಚಳಕ್ಕೆ ಸುರಿದುಕೊಂಡಿದ್ದ ಪೇಂಟು ಬಿಸಿಲಿಗೆ ಒಣಗುತ್ತಿತ್ತು. ಮೇಸ್ತ್ರಿ ಇಪ್ಪತ್ತು ಎಂದರು, ನಾನೂ ಇಪ್ಪತ್ತು ಎಂದೆ. ಇನ್ನು ಉಳಿದದ್ದು ಆರೇ ತಾನೇ, ಪೇಂಟು ಹಾಳಾಗುವ ಮೊದಲು ಇಟ್ಟುಬಿಡೋಣ ಎಂದು ಆ ಆರಕ್ಕೂ ಮುಂಚಿತವಾಗಿಯೇ ಚುಕ್ಕೆ ಇಟ್ಟೆ. ಅಷ್ಟೇ. ನಾನು ಮಾಡಿದ್ದು ಇಷ್ಟೇ. ಅಷ್ಟರಲ್ಲಿ ಹೊಸ ಕ್ಯಾಮ್‌ಶಾಫ್ಟ್ ಹೊತ್ತ ಆಟೋ ಬಾಗಿಲಿಗೆ ಬಂತು. ಆಟೋದವನು ಎಲ್ಲಿ ಕೆಳಗೆ ಹಾಕಿಬಿಡುತ್ತಾನೋ ಎಂದು ಮೇಸ್ತ್ರಿ ಬಿಗಿ ಅಳೆಯುವ ಟಾರ್ಕ್ ರೆಂಚನ್ನು ಅಲ್ಲೇ ಇಟ್ಟು ಓಡಿದರು. ಅದೇ ಹೊತ್ತಿಗೆ ಮಗನ ಶಾಲೆಯಿಂದ ನನಗೆ ಫೋನ್ ಬಂತು, ಜ್ವರ ಬಂದಿದೆ ಎಂದು. ಹೊರಗೆ ಹೋಗಿ ಮಾತಾಡಿ, ಕೊಡಿಗೇಹಳ್ಳಿಯಲ್ಲಿದ್ದ ನನ್ನ ಅಮ್ಮನಿಗೆ ಫೋನಿನಲ್ಲೇ ಹೇಳಿ ಬರುವ ಹೊತ್ತಿಗೆ ಮೇಸ್ತ್ರಿ ಕ್ಯಾಮ್ ಒರೆಸಿ ಕೂರಿಸಲು ಶುರುಮಾಡಿದ್ದರು. ಅವರು ಬಂದು ನೋಡಿದ್ದು ಇಪ್ಪತ್ತಾರು ಬಿಳಿ ಚುಕ್ಕೆ. ಚುಕ್ಕೆ ಇದೆ ಎಂದರೆ ಬಿಗಿ ಆಗಿದೆ, ಆ ಮನುಷ್ಯ ಹಾಗೆಯೇ ನಂಬುತ್ತಿದ್ದದ್ದು. ನಾನು ಅಂದುಕೊಂಡದ್ದು, ನಾನಿಲ್ಲದಾಗ ಅವರು ಆರೂ ಮುಗಿಸಿದ್ದಾರೆ ಎಂದು.

ಮಾರನೆಯ ದಿನ ಹತ್ತು ಗಂಟೆಗೆ ಭಾಯ್ ಗಾಡಿ ತೆಗೆದುಕೊಂಡು ಹೋದರು. ಹನ್ನೊಂದೂವರೆಗೆ ನಾನು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಉಗುರಿನ ಸಂದಿಯಲ್ಲಿ ಬಿಳಿ ಪೇಂಟು ಉಳಿದಿತ್ತು. ಅದನ್ನು ಕೆರೆಯುತ್ತಾ ಹಿಂದಿನ ದಿನದ ನಂಬರುಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತು ಎಂದದ್ದು ಕಿವಿಯಲ್ಲಿತ್ತು. ಇಪ್ಪತ್ತೊಂದು ಕೇಳಿದ ನೆನಪು ಎಲ್ಲೂ ಇಲ್ಲ.

ಭಾಯ್‌ಗೆ ಮೂರು ಮಕ್ಕಳು. ಮೊದಲು ಅದು ನೆನಪಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ನೆನಪಾದದ್ದು ನನ್ನ ಕೆಲಸ. 'ನೋಡಿ, ಹೆಂಗಸರ ಕೈಗೆ ಕೊಟ್ಟರೆ ಹೀಗೇ ಆಗೋದು' ಎಂಬ ಮಾತು ಯಾರ ಯಾರ ಬಾಯಿಂದ ಬರುತ್ತದೆಂದು ಮುಖಗಳೆಲ್ಲ ಕಂಡವು. ಮೇಸ್ತ್ರಿಯ ಬಳಿ ಹೋದೆ. ನಾನು ಮೊದಲೇ ಚುಕ್ಕೆ ಇಟ್ಟಿದ್ದೆ ಎನ್ನಲು ಬಾಯಿ ತೆರೆದೆ. ಬಂದ ಮಾತು ಬೇರೆ.

"ಮೇಸ್ತ್ರಿ, ನಿನ್ನೆ ಆ ಕೊನೇ ಆರು ಬೋಲ್ಟು... ನೀವು ಕಾಲು ತಿರುವು ಕೊಟ್ರಾ?"

ಒಂದು ಕ್ಷಣವೂ ನನ್ನ ಮೇಲೆ ಅನುಮಾನ ಬರಲಿಲ್ಲ ಅವರಿಗೆ. ಯಾವಾಗಲೂ ಅನುಮಾನ ತನ್ನ ಮೇಲೆಯೇ. ಫೋನ್ ತೆಗೆದು ಭಾಯ್ ನಂಬರ್ ಒತ್ತಿದರು.

"ಭಾಯ್, ಎಲ್ಲಿದೀಯಾ? ನಿಲ್ಸು. ಅಲ್ಲೇ ಬದೀಗಾಕಿ ನಿಲ್ಸು. ಇಂಜಿನ್ ಆಫ್ ಮಾಡು. ಏನೂ ಕೇಳ್ಬ್ಯಾಡ, ಆಫ್ ಮಾಡು ಮೊದ್ಲು."

ಭಾಯ್ ನೆಲಮಂಗಲ ದಾಟಿ ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದರು. ಮೇಸ್ತ್ರಿ ಓನರ್‌ಗೆ ವಿಷಯ ತಿಳಿಸಿ ನನ್ನ ಸ್ಕೂಟರಿನ ಹಿಂದೆ ಕೂತರು. ಸ್ಕೂಟರಿನ ಹಿಂದೆ ಕೂರುವುದೆಂದರೆ ಪ್ರಾಣ ಬಿಡುವಂತೆ ಹೆದರುತ್ತಿದ್ದವರು. ಟಾರ್ಕ್ ರೆಂಚಿನ ಪೆಟ್ಟಿಗೆಯನ್ನು ಇಬ್ಬರ ನಡುವೆ ಅವುಚಿಕೊಂಡು, ಪಕ್ಕದಲ್ಲಿ ಲಾರಿ ಬಂದಾಗಲೆಲ್ಲ "ಅಪ್ಪಾ ದೇವ್ರೇ" ಎನ್ನುತ್ತಾ, ಆದರೂ "ಜೋರಾಗ್ ಓಡ್ಸು ಅಮ್ಮಣ್ಣಿ, ಇನ್ನೂ ಜೋರಾಗ್ ಓಡ್ಸು" ಎನ್ನುತ್ತಿದ್ದರು.

ಬಿಸಿ ಇಂಜಿನ್ನಿನ ಬೋಲ್ಟು ಮುಟ್ಟುವಂತಿಲ್ಲ. ಆರಲು ಬಿಟ್ಟು ಮಧ್ಯಾಹ್ನವೆಲ್ಲ ಕಾದೆವು. ಭಾಯ್ ಮೂರು ಟೀ ತಂದರು. "ಅರೇ ಮೇಸ್ತ್ರಿ, ಸುಮ್ನೆ ಹೆದ್ರತೀರ, ಗಾಡಿ ಮಸ್ತ್ ಓಡ್ತಾ ಇತ್ತು" ಎಂದು ಸಮಾಧಾನ ಹೇಳಿದರು. ಮೇಸ್ತ್ರಿ ಚಕ್ರಕ್ಕೆ ಒರಗಿ ಕೂತು ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದರು. ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಸಮಯ ನನಗೆ ಮತ್ತೆ ಸಿಗುತ್ತಿರಲಿಲ್ಲ. ಈಗ ಹೇಳುತ್ತೇನೆ, ಈ ಬಸ್ಸು ಹೋದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಟೀ ಆರಿಹೋಯಿತು.

ಇಂಜಿನ್ ಆರಿದ ಮೇಲೆ ಮೇಸ್ತ್ರಿ ಮೇಲಿನ ಕವರ್ ತೆಗೆದರು. ಆ ಆರೂ ಅಂಚಿನ ಬೋಲ್ಟುಗಳು, ಕ್ಯಾಮ್ ಬಿಚ್ಚದೆಯೇ ಕೈಗೆ ಸಿಗುವಂಥವು. ಇಪ್ಪತ್ತೊಂದಕ್ಕೆ ರೆಂಚ್ ಇಟ್ಟು ಒತ್ತಿದರು. ತಿರುಗಿತು. ಇಪ್ಪತ್ತೆರಡೂ ತಿರುಗಿತು. ಆರೂ ತಿರುಗಿದವು. ಎಲ್ಲಕ್ಕೂ ಕಾಲು ತಿರುವು ಕೊಟ್ಟು, ಮೊದಲ ಇಪ್ಪತ್ತನ್ನು ಕೊಟ್ಟಿದ್ದು ತನಗೆ ನೆನಪಿದೆ ಎಂದು ಮೂರು ಸಾರಿ ಹೇಳಿ, ಕೆಳಗಿಳಿದು ನೆಲದ ಮೇಲೆ ಕೂತರು.

"ಚುಕ್ಕೆ ಐತೆ, ಬಿಗಿ ಇಲ್ಲ" ಅಂದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. "ನಾನು ನಂಬರ್ ಯೋಳಿದ್ನಾ ಅಮ್ಮಣ್ಣಿ?"

ಇಷ್ಟು ನೇರವಾಗಿ ಕೇಳಿದರು. ಭಾಯ್ ಕೂಡ ನನ್ನತ್ತ ನೋಡುತ್ತಿದ್ದರು.

"ಹೇಳಿದ್ರಿ ಅನ್ಸುತ್ತೆ ಮೇಸ್ತ್ರಿ" ಅಂದೆ.

ಅವರು ತಲೆಯಾಡಿಸಿದರು. ಭಾಯ್ ಅವರ ಭುಜದ ಮೇಲೆ ಕೈಯಿಟ್ಟು, "ಆಯ್ತಲ್ಲ, ಬಿಡಿ, ಅಲ್ಲಾ ಕಾಪಾಡ್ದ" ಎಂದರು. ಗಾಡಿ ಮಂಗಳೂರಿಗೆ ಹೋಯಿತು, ವಾಪಸ್ಸೂ ಬಂತು, ಇವತ್ತಿಗೂ ಓಡುತ್ತಿದೆ. ಇಂಜಿನ್ನಿಗೆ ಏನೂ ಆಗಲಿಲ್ಲ.

ಆದದ್ದೆಲ್ಲ ಮೇಸ್ತ್ರಿಗೆ. ಮುಂದಿನ ಹೆಡ್ ಕೆಲಸದಲ್ಲಿ ಪ್ರತಿ ಬೋಲ್ಟಿಗೂ ನಿಂತು "ಇದಾಯ್ತಾ? ಇದಾಯ್ತಾ?" ಎಂದು ಕೇಳಿದರು. ಅದರ ಮುಂದಿನದರಲ್ಲಿ ಬಿಗಿ ಮಾಡಿದ್ದನ್ನೇ ಮತ್ತೆ ಬಿಗಿ ಮಾಡಲು ಹೋಗಿ ಒಂದು ಬೋಲ್ಟು ಮುರಿದರು. ಅವತ್ತು ಊಟದ ಡಬ್ಬಿ ತೆರೆಯದೆ ನನ್ನ ಪಕ್ಕ ಬಂದು ಕೂತರು.

"ನಮ್ಮಪ್ಪಂಗೂ ಇಂಗೇ ಸುರುವಾಗಿದ್ದು" ಎಂದರು ಮೆಲ್ಲಗೆ. "ಮೊದ್ಲು ದನ ಕಟ್ಟಾಕಿದ್ನಾ ಅಂತ ಮರೆಯೋನು. ಆಮ್ಯಾಕೆ ಮನೆ ದಾರಿ. ಕೊನೆಗೆ ನಮ್ಮವ್ವನ್ನೇ ನೋಡಿ ಯಾರಮ್ಮಾ ನೀನು ಅಂದ. ನಂಗೆ ಅದೊಂದೇ ಎದ್ರಿಕೆ ಕಣಮ್ಮಾ. ಬಾಕಿ ಅಲ್ಲಿ ಗಿಲ್ಲಿ, ಲಿಫ್ಟು, ಸೇತ್ವೆ ಎಲ್ಲಾ ಸುಮ್ಕೆ."

ಆಗಲೂ ನಾನು ಹೇಳಲಿಲ್ಲ. ಆ ಆರು ಬೋಲ್ಟು ಅವರಿಗೆ ಏನಾಗಿ ಕಾಣುತ್ತಿತ್ತು ಎಂದು ಅವತ್ತು ನನಗೆ ಪೂರ್ತಿ ಗೊತ್ತಾಯಿತು, ಗೊತ್ತಾದ ಮೇಲೂ ಹೇಳಲಿಲ್ಲ. "ಹಾಗೇನಿಲ್ಲ ಮೇಸ್ತ್ರಿ, ಸುಸ್ತಿಗೆ ಹಾಗಾಗುತ್ತೆ" ಎಂದು ನೀರಿನ ಬಾಟಲಿ ಕೊಟ್ಟೆ.

ಹೆಡ್ ಕೆಲಸ ಬಿಟ್ಟು ಬಿಡಿಭಾಗ ತೊಳೆಯುವ ಕೆಲಸ ಕೇಳಿ ತೆಗೆದುಕೊಂಡರು. ಆರು ತಿಂಗಳಿಗೆ ಅದನ್ನೂ ಬಿಟ್ಟು ಮನೆಯಲ್ಲಿ ಕೂತರು. ಓನರ್ ಅವರ ಜಾಗಕ್ಕೆ ನನ್ನನ್ನು ಹಾಕಿದರು. "ನಿಮ್ಮ ಮೇಸ್ತ್ರಿ ತಯಾರು ಮಾಡಿದ ಕೈ" ಎಂದು ಡ್ರೈವರುಗಳಿಗೆ ಪರಿಚಯಿಸುತ್ತಿದ್ದರು. ಯಾರಾದರೂ ಮೇಸ್ತ್ರಿಯ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಮಾತು ಬದಲಿಸುತ್ತಿದ್ದೆ. ಬಾಗಲೂರಿಗೆ ಹೋಗಬೇಕು ಎಂದು ಎಷ್ಟು ಭಾನುವಾರ ಹೊರಟಿದ್ದೆನೋ. ಯಲಹಂಕದವರೆಗೆ ಹೋಗಿ ತಿರುಗಿ ಬಂದದ್ದೂ ಇದೆ.

ಆ ಬೋಲ್ಟಿನ ದಿನದಿಂದ ಲೆಕ್ಕ ಹಾಕಿದರೆ ಎರಡು ವರ್ಷ ಹೀಗೆ ಹೋಯಿತು. ಈ ವರ್ಷದ ಬೇಸಿಗೆಯಲ್ಲಿ ಭಾಯ್ ಗಾಡಿ ತಂದಾಗ ಹೇಳಿದರು: "ಮೇಸ್ತ್ರೀನ ನೋಡ್ಕೊಂಡ್ ಬಂದೆ ಮೇಡಂ. ಪಾಪ, ಅಂಗಡಿಗೂ ಒಬ್ರೇ ಹೋಗಲ್ಲ. ದಾರಿ ಮರ್ತ್ ಬಿಟ್ರೆ ಅಂತ ಹೆಂಡ್ತಿ ಕೈ ಹಿಡ್ಕೊಂಡೇ ಓಡಾಡ್ತಾರೆ." ಆ ಭಾನುವಾರ ನಾನು ಯಲಹಂಕದಿಂದ ತಿರುಗಲಿಲ್ಲ.

ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ಕಂಡದ್ದೇ ನನ್ನ ಹೆಸರು, ನನ್ನ ಮಗನ ಹೆಸರು, ಅವನ ಕ್ಲಾಸು ಎಲ್ಲ ಒಂದೇ ಉಸಿರಿನಲ್ಲಿ ಹೇಳಿ, ಸರಿಯಾ ಎಂಬಂತೆ ಮುಖ ನೋಡಿದರು. ಎಲ್ಲವೂ ಸರಿಯಿತ್ತು. ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗೀಟುಗಳಿದ್ದವು. ಗ್ಯಾಸ್ ಆರಿಸಿದ್ದಕ್ಕೊಂದು, ನಲ್ಲಿ ನಿಲ್ಲಿಸಿದ್ದಕ್ಕೊಂದು, ದಿನಾ ಅವರೇ ಹಾಕುವುದಂತೆ. ಅವರ ಹೆಂಡತಿ ಹೇಳಿದರು: "ಡಾಕ್ಟ್ರು ಎರಡ್ ಸಾರಿ ನೋಡಿ ಏನೂ ಇಲ್ಲ ಅಂದವ್ರೆ ಕಣಮ್ಮ. ಇವ್ರು ಒಪ್ಪಾಕಿಲ್ಲ. ಆ ಆರ್ ಬೋಲ್ಟ್ ಯಂಗ್ ಮರ್ತೆ ಅಂಗಾದ್ರೆ, ಅಂತಾರೆ." ಕಾಫಿ ಮಾಡಲು ಒಳಗೆ ಹೋದರು.

ನಾನು ನಿಂತೇ ಇದ್ದೆ. ಕೂತರೆ ಹೇಳಲಾರೆ ಅನಿಸಿತ್ತು.

"ಮೇಸ್ತ್ರಿ, ನೀವು ಮರ್ತಿರ್ಲಿಲ್ಲ" ಅಂದೆ. "ಇಪ್ಪತ್ತರ ಮೇಲೆ ನೀವು ನಂಬರೇ ಹೇಳ್ಲಿಲ್ಲ. ಆ ಆರಕ್ಕೂ ನಾನೇ ಮುಂಚೆ ಚುಕ್ಕೆ ಇಟ್ಟಿದ್ದೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅಥವಾ ಆದದ್ದನ್ನು ನಂಬಲಿಲ್ಲ. ಕೆಲಸ ಪರೀಕ್ಷೆ ಮಾಡುವ ಹಾಗೆ ಒಂದೊಂದಾಗಿ ಕೇಳಿದರು.

"ಕ್ಯಾಮ್ ಬಂದಾಗ ನಾನ್ ಬಾಗ್ಲಿಗ್ ಓಡೋದ್ನಲ್ಲ, ಆಗ್ಲೇ ಚುಕ್ಕೆ ಇತ್ತಾ?"

"ಇತ್ತು."

"ವಾಪಸ್ ಬಂದು ನಾನ್ ನೋಡ್ದಾಗ ಇಪ್ಪತ್ತಾರೂ ಇತ್ತಾ?"

"ಇತ್ತು ಮೇಸ್ತ್ರಿ."

"ಬಂಕ್ ತಾವ ನಾನ್ ಕೇಳ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಆಕೆ ಕಾಫಿಯ ಲೋಟ ಹಿಡಿದು ಓಡಿಬಂದರು. "ಇನ್ನೊಂದ್ ಸಾರಿ ಯೋಳು" ಅಂದರು ಮೇಸ್ತ್ರಿ ನನಗೆ. "ಇವ್ಳ್ ಮುಂದೆ ಯೋಳು." ಹೇಳಿದೆ. ಆಕೆ ನನ್ನನ್ನೇ ನೋಡುತ್ತಾ ನಿಂತರು. ಲೋಟ ನನ್ನ ಕೈಗೆ ಕೊಡಲಿಲ್ಲ.

"ಎರಡ್ ವರ್ಸ" ಎಂದರು ಮೇಸ್ತ್ರಿ. ಅವರ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಎರಡ್ ವರ್ಸದಿಂದ ಬೆಳಿಗ್ಗೆ ಎದ್ದು ಇವ್ಳ ಎಸ್ರು ನೆನ್ಪೈತಾ ಅಂತ ನೋಡ್ಕೊತೀನಿ ನಾನು. ಅವತ್ತೇ ಯೋಳಿದ್ರೆ ನಾನ್ ಒಡೀತಿದ್ನಾ ನಿನ್ನ?"

"ಇಲ್ಲ ಮೇಸ್ತ್ರಿ."

"ಬೈತಿದ್ನಾ?"

"ಇಲ್ಲ."

"ಮತ್ಯಾಕೆ ಯೋಳ್ಲಿಲ್ಲ?"

"ಹೆದ್ರಿಕೆ ಆಯ್ತು" ಅಂದೆ. ಕಣ್ಣಲ್ಲಿ ನೀರು ಬಂದಿತ್ತು. "ನಿಮ್ಮ ಮುಂದೆ ನಿಂತು ಹೇಳೋಕೆ ಹೆದ್ರಿಕೆ ಆಯ್ತು."

ಅವರ ಕೋಪ ಅಲ್ಲಿಗೇ ನಿಂತುಹೋಯಿತು. ಬಾಯಿ ಸ್ವಲ್ಪ ತೆರೆದು ನನ್ನನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು.

"ನನ್ ಕಂಡ್ರೆ ಎದ್ರಿಕೆನಾ?" ಎಂದರು. "ನನ್ ಕಂಡ್ರಾ?"

ಅವರು ಎದ್ದು, ಯಾರ ಕೈಯನ್ನೂ ಹಿಡಿಯದೆ ಬೀದಿಗಿಳಿದು, ಅಂಗಡಿಯ ಕಡೆಗೆ ಒಬ್ಬರೇ ನಡೆದು ಹೋದರು. ನಾನು ಅಲ್ಲಿ ಇದ್ದಷ್ಟು ಹೊತ್ತೂ ವಾಪಸ್ ಬರಲಿಲ್ಲ.